ಬೆನ್ನು ತಿರುಗಿಸಿ ನಿಂತವನ ಮಾತು

ಗಂಡನ ಹೆಸರು ಬರೆದಿದ್ದ ಕಟ್ಟಿನಿಂದ ಕೊನೆಯ ಹಾಳೆಯನ್ನು ಎಳೆದು, ನಾಲ್ಕು ಮಡಿಕೆ, ಮತ್ತೆ ಎಂಟು ಮಡಿಕೆ ಮಾಡಿ ಕೈಚೀಲದ ತಳಕ್ಕೆ ತುರುಕಿದ ಮೇಲೆ ಯೊಂಗ್‌ನಾನ್‌ಗೆ ತನ್ನ ವಯಸ್ಸು ನೆನಪಾಯಿತು. ಮೂವತ್ತೊಂಬತ್ತು. ಹೈಸ್ಕೂಲಿಗೆ ಹೋಗುವ ಮಗಳ ತಾಯಿ. ಪರೀಕ್ಷೆಯಲ್ಲಿ ಚೀಟಿ ಬಚ್ಚಿಡುವ ಹುಡುಗಿಯ ಹಾಗೆ ಬಾಗಿಲ ಕಡೆ ನೋಡಿದಳು. ಧ್ವನಿಮುದ್ರಣದ ಕೋಣೆಗೆ ಇನ್ನೂ ಯಾರೂ ಬಂದಿರಲಿಲ್ಲ. ಸದ್ದು ಹೀರಲೆಂದು ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟ ಮಿಲಿಟರಿ ಕಂಬಳಿಗಳು, ನಡುವೆ ಒಂದೇ ಒಂದು ಮೈಕು, ಮೂಲೆಯಲ್ಲಿ ಕಲ್ಲಿದ್ದಲ ಬಿಲ್ಲೆಯ ಒಲೆ, ಬೆಂಚಿನ ಮೇಲೆ ನಾಲ್ಕು ಕಟ್ಟು ಹಾಳೆ. ಕೆಳಗಿನ ಕಾಫಿ ಅಂಗಡಿಯಲ್ಲಿ ಯಾರೋ ಬೆಳಗಿನ ಮೊದಲ ರೆಕಾರ್ಡು ಹಾಕಿದರು. ಚುಂಗ್‌ಮುರೋ ಎಂಬ ಸಿನಿಮಾ ಬೀದಿಯ ಈ ಮಹಡಿಗೆ ಅವಳು ಐದು ವರ್ಷದಿಂದ ಬರುತ್ತಿದ್ದಾಳೆ, ಹೀಗೆ ಎಲ್ಲರಿಗಿಂತ ಮುಂಚೆ ಬಂದಿದ್ದು ಇದೇ ಮೊದಲು. ಬಂದಿದ್ದು ಕದಿಯುವುದಕ್ಕೇನೂ ಅಲ್ಲ. ಮಗಳು ಇನ್ಸುಕ್ ಬೇಗ ಶಾಲೆಗೆ ಹೋದಳು, ಬಸ್ಸು ಬೇಗ ಸಿಕ್ಕಿತು, ಅಷ್ಟೇ. ತನ್ನ ಕಟ್ಟನ್ನು ತೆಗೆದು ಹಿಂದಿನಿಂದ ಓದುವುದು ಅವಳ ಹಳೆಯ ಚಾಳಿ. ಕೊನೆ ಗೊತ್ತಿದ್ದರೆ ಗಂಟಲನ್ನು ಎಲ್ಲಿ ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಸಿಗುತ್ತದೆ. ಇವತ್ತು ಕೊನೆಯ ಹಾಳೆ ಓದಿದ ಕೂಡಲೇ ಗಂಡನ ಕಟ್ಟಿಗೆ ಕೈ ಹಾಕಿದಳು.

ಚಿತ್ರವನ್ನು ಮೂಕವಾಗಿಯೇ ತೆಗೆದು ಮುಗಿಸುತ್ತಾರೆ. ತಾರೆಯರು ಕ್ಯಾಮೆರಾದೆದುರು ತುಟಿ ಆಡಿಸಿ, ಇನ್ನೊಂದು ಚಿತ್ರಕ್ಕೆ ಕಾರು ಹತ್ತುತ್ತಾರೆ. ಆಮೇಲೆ ಅವರ ಬಾಯಿಗೆ ಮಾತು ತುಂಬುವವರು ಈ ಕೋಣೆಯ ನಾಲ್ಕಾರು ಜನ, ಮಾತು ಬರೆದ ಹಾಳೆ ಅವರ ಕೈಗೆ ಬರುವುದು ಅದೇ ಬೆಳಿಗ್ಗೆ, ಮಸಿ ಆರುವ ಮುಂಚೆ. ಛಾ ರಾನ್ ಎಂಬ ತಾರೆ ನಕ್ಕರೂ ಅತ್ತರೂ ಊರಿಗೆ ಕೇಳಿಸುವುದು ಯೊಂಗ್‌ನಾನ್‌ಳ ಗಂಟಲು. ಅವಳ ಗಂಡ ತೆಸಿಕ್ ಮೂರು ಮಂದಿ ನಾಯಕರಿಗೆ, ಇಬ್ಬರು ಖಳರಿಗೆ, ಲೆಕ್ಕವಿಲ್ಲದಷ್ಟು ಪೊಲೀಸ್ ಇನ್‌ಸ್ಪೆಕ್ಟರುಗಳಿಗೆ ಧ್ವನಿ. ಇವತ್ತಿನ ಚಿತ್ರದಲ್ಲಿ ಅವನು ಮೋಸ ಹೋದ ಗಂಡ, ಅವಳು ಮೋಸ ಮಾಡಿದ ಹೆಂಡತಿ. ಇದು ಮೊದಲು ನಾಟಕವಾಗಿತ್ತು. ಬರೆದವನು ಸೊಲ್. ರಂಗದ ಮೇಲೆ ಹೆಂಡತಿ ಬಾಗಿಲು ತೆರೆದಿಟ್ಟೇ ಹೊರಟುಹೋಗುತ್ತಿದ್ದಳು, ಪರದೆ ಬೀಳುತ್ತಿತ್ತು, ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸಿನಿಮಾಕ್ಕೆ ಆ ಕೊನೆ ಆಗುವುದಿಲ್ಲ. ಮಧ್ಯಾಹ್ನದ ಆಟಕ್ಕೆ ಬರುವ ಗೃಹಿಣಿಯರು ಕರವಸ್ತ್ರ ಹಿಡಿದೇ ಬರುತ್ತಾರೆ, ಅವರಿಗೆ ಹೆಂಡತಿ ಮನೆಗೆ ಮರಳಬೇಕು, ಗಂಡ ಕ್ಷಮಿಸಬೇಕು. ಹಾಗಾಗಿ ನಿರ್ಮಾಪಕರು ಹೊಸ ಕೊನೆ ಕೇಳಿದ್ದಾರೆ, ಸೊಲ್ ಬರೆದುಕೊಟ್ಟಿದ್ದಾನೆ. ಹೊಸದೇನು ಬರೆದ ಮಹಾರಾಯ? ಯೊಂಗ್‌ನಾನ್ ಹಿಂದೊಮ್ಮೆ ಅವನಿಗೆ ಹೇಳಿದ್ದನ್ನೇ ಬರೆದಿದ್ದಾನೆ. ಬೆಳಗಿನ ಜಾವ ಹೆಂಡತಿ ಕಳ್ಳಹೆಜ್ಜೆ ಇಟ್ಟು ಬರುತ್ತಾಳೆ. ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲಿನ ರಜಾಯಿ ಎತ್ತುತ್ತಾಳೆ. ಅದರಡಿಯಲ್ಲಿ ಅವಳ ಪಾಲಿನ ಅನ್ನ, ಮುಚ್ಚಳ ಹಾಕಿದ ಹಿತ್ತಾಳೆ ಬಟ್ಟಲು, ಬಟ್ಟಲಿಗೆ ಸುತ್ತಿದ, ಗಂಡ ಚಳಿಗೆ ಕುತ್ತಿಗೆಗೆ ಸುತ್ತಿಕೊಳ್ಳುವ ಉಣ್ಣೆಯ ಕೊರಳುಪಟ್ಟಿ.

ಮನೆಗೆ ಬಾರದವರ ಅನ್ನವನ್ನು ರಜಾಯಿಯ ಅಡಿ ಇಡುವುದು ಯಾರ ಮನೆಯಲ್ಲಿ ಇಲ್ಲ, ಯಾವ ತಾಯಿ ಇಟ್ಟಿಲ್ಲ. ಆದರೆ ಇಡುವವಳು ಹೆಂಗಸು. ಗಂಡಸು ಇಟ್ಟಿದ್ದು, ಅದೂ ತನ್ನ ಕೊರಳುಪಟ್ಟಿ ಬಿಚ್ಚಿ ಸುತ್ತಿ ಇಟ್ಟಿದ್ದು, ಇಡೀ ಸಿಯೋಲ್ ನಗರದಲ್ಲಿ ಒಂದೇ ಮನೆಯಲ್ಲಿ, ಅವಳ ಮನೆಯಲ್ಲಿ. ಅದು ತೆಸಿಕ್‌ಗೆ ಗೊತ್ತು. ಅದನ್ನು ಅವಳು ಒಬ್ಬನ ಹತ್ತಿರ ಮಾತ್ರ ಹೇಳಿದ್ದಾಳೆ. ಈ ಹಾಳೆಯನ್ನು ಓದಿದ ಗಳಿಗೆಯಲ್ಲಿ ತೆಸಿಕ್‌ಗೆ ಏಳು ವರ್ಷದ ಹಿಂದಿನ ವಸಂತವೆಲ್ಲ ಒಂದೇ ಏಟಿಗೆ ಗೊತ್ತಾಗಿಬಿಡುತ್ತದೆ. ಹಾಳೆ ಅವನ ಕಟ್ಟಿನಲ್ಲಿ ಇಲ್ಲದಿದ್ದರೆ? ಇಲ್ಲದಿದ್ದರೆ ಏನು, ಅವನೇ ಆಡಬೇಕಾದ ಮಾತು, ಇನ್ನೊಬ್ಬರ ಹಾಳೆ ನೋಡಿ ಆಡುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು ತನ್ನ ಬುದ್ಧಿ ಎಂದುಕೊಂಡಳು. ವಾಪಸು ಇಡಲು ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು, ಕೈ ತಾನಾಗಿಯೇ ಚೀಲದ ಬಾಯಿ ಮುಚ್ಚಿತು.

ಬಂದವಳು ಬೊಬೆ ಅಕ್ಕ. ಅರವತ್ತರ ಹತ್ತಿರದವಳು, ಅತ್ತೆ, ಅಜ್ಜಿ, ಬಾಡಿಗೆ ಮನೆಯ ಯಜಮಾನತಿ, ಎಲ್ಲರ ಧ್ವನಿಯೂ ಅವಳದೇ. ಬಾಗಿಲಲ್ಲೇ ಬೂಟು ಕಳಚುತ್ತ, "ಏನೇ, ಕೋಳಿಗಿಂತ ಮುಂಚೆ ಎದ್ದು ಬಂದಿದೀಯ? ಗಂಡ ಒದ್ದು ಓಡಿಸಿದನಾ?" ಎಂದಳು.

"ಬಸ್ಸು ಬೇಗ ಸಿಕ್ತು ಅಕ್ಕ."

"ಮುಖ ಯಾಕೆ ಹಾಗಿದೆ? ಮೂಲಂಗಿ ಬಿಳುಚಿಕೊಂಡ ಹಾಗೆ."

"ಚಳಿ."

"ಚಳಿಗೆ ಕೆಂಪಾಗುತ್ತೆ ಕಣೆ, ಬಿಳುಪಲ್ಲ," ಎಂದು ಅಕ್ಕ ಒಲೆಯ ಮುಂದೆ ಕೂತು ಅಂಗೈ ಕಾಯಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು. ಯೊಂಗ್‌ನಾನ್ ಚೀಲವನ್ನು ಬೆಂಚಿನ ಅಡಿಗೆ ತಳ್ಳಿದಳು.

ಒಂದು ವಸಂತ, ಬೇಸಗೆಯ ನಾಲ್ಕು ದಿನ. ಅಷ್ಟಕ್ಕೆ ಮುಗಿದ ಕಥೆ. ಆಗ ಅವಳು ನಾಟಕದ ತಂಡದಲ್ಲಿದ್ದಳು, ಸೊಲ್ ಆ ತಂಡಕ್ಕೆ ಬರೆಯುತ್ತಿದ್ದ, ಮಾತಾಡುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ, ಅವಳು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದ. ಹಾಗೆ ಕೇಳುವವನು ಸಿಕ್ಕಿದನೆಂದು ಬೀಗಿದ್ದಳು. ಅವನು ಕೇಳಿದ್ದು ಯಾತಕ್ಕೆ ಎಂದು ಈಗ ಹಾಳೆಯಲ್ಲಿದೆ. ರಾತ್ರಿ ಹನ್ನೆರಡಕ್ಕೆ ಊರಿನ ಓಡಾಟ ನಿಲ್ಲಿಸುವ ಸೈರನ್, ಬೆಳಗಿನ ನಾಲ್ಕಕ್ಕೆ ಬಿಡುವ ಸೈರನ್. ಎರಡರ ನಡುವೆ ಯಾರು ಎಲ್ಲಿದ್ದರೋ ಅಲ್ಲೇ. ಮೂರು ಸಲ ಹಾಗಾಯಿತು. ಮೂರು ಸಲವೂ ನಾಲ್ಕರ ಸೈರನ್ನಿಗೆ ಅವನ ಕೋಣೆಯಿಂದ ಹೊರಟು, ಹ್ಯೆಹ್ವಾದಿಂದ ಅಹ್ಯೊನ್‌ವರೆಗೆ ಒಂದು ಗಂಟೆ ನಡೆದು, ಐದಕ್ಕೆ ಮನೆಯ ಬಾಗಿಲು ಸರಿಸಿದಳು. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ರಜಾಯಿ ಎತ್ತಿದರೆ ಬಟ್ಟಲು. ಮುಚ್ಚಳ ತೆಗೆದರೆ ಮುಖಕ್ಕೆ ಹಬೆ. ಬೆಳಿಗ್ಗೆ ಎದ್ದ ಮೇಲೆ, "ತಾಲೀಮು ತಡವಾಯ್ತು, ಸೈರನ್ ಆಗ್ಬಿಡ್ತು," ಎಂದು ಹೇಳಿದಳು. ಅವನು "ಹೂಂ" ಎಂದ. ಅಷ್ಟೇ. ಅವಳು ಇವತ್ತಿಗೂ ಸಂಕಟಪಡುವುದು ಸುಳ್ಳು ಹೇಳಿದ್ದಕ್ಕಲ್ಲ, ಸುಳ್ಳಿಗೆ ಒಗ್ಗಿಹೋಗಿದ್ದಾಳೆ. ಎರಡನೆಯ ಸಲದ ಬಳಿಕ ಅವಳು ಬಟ್ಟಲಿನ ವಿಷಯವನ್ನು ಸೊಲ್‌ಗೆ ಹೇಳಿದಳು, ಅವನು "ಅಯ್ಯೋ ಪಾಪ, ಕೊರಳುಪಟ್ಟೀನೂ ಸುತ್ತಿದ್ನಾ?" ಎಂದು ನಕ್ಕ, ಅವಳೂ ನಕ್ಕಳು. ಆ ನಗು ಅವಳನ್ನು ಬಿಟ್ಟಿಲ್ಲ. ಛಾ ರಾನ್‌ಗಾಗಿ ನಗುವ ಪ್ರತಿ ಸಲವೂ ಅದೇ ಗಂಟಲಿನಿಂದ ತಾನೆ ಬರಬೇಕು.

ಆಮೇಲೆ ಅವಳೇ ಹೋಗುವುದನ್ನು ಬಿಟ್ಟಳು. ಒಂದು ದಿನ ಅವನ ಕೋಣೆಯ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದಳು. ತಂಡ ಬಿಟ್ಟಳು, ರೇಡಿಯೋದಲ್ಲಿದ್ದ ಗಂಡನ ಹಿಂದೆ ಈ ಮೈಕಿನ ಮುಂದೆ ಬಂದು ನಿಂತಳು. ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟೆ ಎಂಬುದೊಂದು ಹೆಮ್ಮೆ ಅವಳಲ್ಲಿ ಉಳಿದಿತ್ತು. ಕೆಟ್ಟವಳು ನಿಜ, ಆದರೆ ತಾನಾಗಿ ತಿದ್ದಿಕೊಂಡವಳು.

ತೆಸಿಕ್ ಒಂಬತ್ತಕ್ಕೆ ಬಂದ, ರೇಡಿಯೋದ ಬೆಳಗಿನ ನಾಟಕ ಮುಗಿಸಿ. ಬಂದವನೇ ಕೋಟಿನ ಜೇಬಿನಿಂದ ಸುದ್ದಿಕಾಗದದಲ್ಲಿ ಸುತ್ತಿದ ಸುಟ್ಟ ಗೆಣಸು ತೆಗೆದು ಅವಳ ಮಡಿಲಿಗೆ ಹಾಕಿದ. "ತಿನ್ನು. ಹೋದ ವಾರ ನಾನು ಸಾಯೋ ಸೀನಲ್ಲಿ ನಿನ್ನ ಹೊಟ್ಟೆ ಗುರ್ ಅಂದಿದ್ದು ರೀಲಿನಲ್ಲಿ ಹಾಗೇ ಉಳ್ಕೊಂಡಿದೆ."

"ಅದು ಸಾಯೋವಾಗ ನಿಂಗೇ ಬಂದ ಗೊರಗೊರ ಅಂತ ಊರೆಲ್ಲ ತಿಳ್ಕೊಳ್ಳುತ್ತೆ, ಬಿಡಪ್ಪ," ಎಂದಳು ಬೊಬೆ ಅಕ್ಕ.

ಅವನು ತನ್ನ ಕಟ್ಟನ್ನು ತೆಗೆದುಕೊಂಡ, ಮೊದಲ ಹಾಳೆ ತಿರುವಿದ, ಕೊನೆಯದನ್ನು ನೋಡಲಿಲ್ಲ. ಅವನು ಯಾವತ್ತೂ ಮುಂದಿನಿಂದಲೇ ಓದುವವನು. ಅವಳು ಗೆಣಸನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು. ನಿರ್ದೇಶಕ ಗುಕ್ ಸಿಗರೇಟಿನ ಹೊಗೆಯೊಂದಿಗೆ ಒಳಗೆ ಬಂದ, ಗಾಜಿನ ಆಚೆ ಧ್ವನಿಗ್ರಾಹಕ ಮ್ಯೊಂಗ್ ತನ್ನ ಹೆಡ್‌ಫೋನು ಹಾಕಿಕೊಂಡ, ಒಲೆಯ ಮೇಲಿನ ಕೆಟಲನ್ನು ಹಾಡದಂತೆ ಇಳಿಸಲಾಯಿತು, ಎಲ್ಲರೂ ಕೋಟು ಕಳಚಿ ಕಾಲುಚೀಲದಲ್ಲಿ ಮೈಕಿನ ಸುತ್ತ ನಿಂತರು. ದೀಪ ಆರಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಮೋಸ ಮಾಡಿದಳು. ಕಾಫಿ ಅಂಗಡಿಯಲ್ಲಿ, ನದಿಯ ದಂಡೆಯಲ್ಲಿ, ಟೆಲಿಫೋನಿನಲ್ಲಿ ಪಿಸುದನಿಯಲ್ಲಿ. ಪಕ್ಕದಲ್ಲಿ ಒಂದು ಗೇಣಿನ ದೂರಕ್ಕೆ ನಿಂತ ತೆಸಿಕ್ ಮಾತಿಲ್ಲದ ಕಡೆ ತಲೆ ಬಾಗಿಸಿಕೊಂಡು, ತನ್ನ ಸರದಿಗೆ ಮೈಕಿನ ಹತ್ತಿರ ಬಾಗುತ್ತಿದ್ದ. ಅವನ ತೋಳು ತಾಗಿದಾಗಲೆಲ್ಲ ಅವಳು ಒಂದು ಅಕ್ಷರ ತಡವಾಗುತ್ತಿದ್ದಳು. ಗುಕ್ ಎರಡು ಸಲ ಗದರಿದ: "ಯೊಂಗ್‌ನಾನ್ ಅವರೇ, ಇವತ್ತು ಏನಾಗಿದೆ? ಛಾ ರಾನ್ ಬಾಯಿ ಮುಚ್ಚಿದ ಮೇಲೆ ಮಾತಾಡ್ತಿದೀರಿ. ಜನ ದೆವ್ವದ ಪಿಕ್ಚರ್ ಅಂದ್ಕೊಳ್ತಾರೆ."

ಹನ್ನೆರಡರ ಸುಮಾರಿಗೆ ಕೊನೆಯ ರೀಲು ಬಂತು. ದೀಪ ಹಾಕಿದರು. ತೆಸಿಕ್ ಹಾಳೆ ತಿರುವಿದ, ಮತ್ತೊಮ್ಮೆ ತಿರುವಿದ. "ನಂದರಲ್ಲಿ ಕೊನೇದು ಇಲ್ಲ."

"ಇಲ್ಲ ಅಂದ್ರೆ?" ಎಂದ ಗುಕ್. "ನಾಲ್ಕೂ ಕಟ್ಟು ನಾನೇ ನೋಡಿ ಇಟ್ಟಿದ್ದೆ." ಆಮೇಲೆ, ನೋಡಿರಲಿಲ್ಲವೆಂಬುದು ನೆನಪಾಗಿಯೋ ಏನೋ, ಸಿಟ್ಟು ಬೇರೆ ಕಡೆ ತಿರುಗಿತು. "ಆ ಓಮ್ ಮುದುಕ. ಕಣ್ಣು ಕಾಣ್ಸಲ್ಲ, ಯಂತ್ರ ತಿರುಗಿಸ್ತಾನೆ. ಕರೀರಿ ಅವನನ್ನ. ಇವತ್ತೇ ಕೊನೆ ಅಂತ ಹೇಳ್ಬಿಡ್ತೀನಿ."

ಓಮ್ ಮುದುಕ ಕೆಳಗೆ ಹಿಂದಿನ ಕೋಣೆಯಲ್ಲಿ ಮಸಿಯಂತ್ರದ ಹಿಡಿ ತಿರುಗಿಸಿ ಈ ಹಾಳೆಗಳನ್ನು ಅಚ್ಚು ಹಾಕಿ ಬೆಂಚಿನ ಮೇಲಿಡುವವನು. ಉತ್ತರದಿಂದ ಯುದ್ಧದಲ್ಲಿ ಓಡಿಬಂದು, ಯಾರೂ ಇಲ್ಲದೆ, ಅದೇ ಯಂತ್ರದ ಪಕ್ಕ ಮಲಗುವವನು. ಮೆಟ್ಟಿಲ ಬಾಗಿಲು ತೆರೆದು ಗುಕ್ ಅವನ ಹೆಸರು ಹಿಡಿದು ಕೂಗಿದ. ಯೊಂಗ್‌ನಾನ್‌ಗೆ ತಾನು ಸುಮ್ಮನಿರುತ್ತೇನೆ ಎಂದೇ ಅನಿಸಿತ್ತು. ಏಳು ವರ್ಷ ಸುಮ್ಮನಿದ್ದವಳಿಗೆ ಇದೇನು ದೊಡ್ಡದು? ಆದರೆ ಮುದುಕ ಮೆಟ್ಟಿಲ ಬುಡದಲ್ಲಿ "ಬಂದೆ ಸ್ವಾಮೀ" ಎಂದ. ಅವನ ಆ ದನಿ ಕೇಳಿ ಅವಳು ಬೆಂಚಿನ ಅಡಿಯಿಂದ ಚೀಲ ಎಳೆದಳು.

"ಇಲ್ಲಿದೆ. ನನ್ನ ಹತ್ರ ಸೇರ್ಕೊಂಡಿದೆ."

ಎಲ್ಲರೂ ನೋಡುತ್ತಿದ್ದರು. ಚೀಲದ ತಳದಿಂದ ಬಾಚಣಿಗೆ ಬಂತು, ಬಸ್ಸಿನ ಚೀಟಿ ಬಂತು, ಆಮೇಲೆ ಎಂಟು ಮಡಿಕೆಯ ಹಾಳೆ ಬಂತು. ಸೇರಿಕೊಂಡ ಹಾಳೆ ಯಾರ ಚೀಲದಲ್ಲೂ ತಾನಾಗಿ ಎಂಟು ಮಡಿಕೆ ಆಗುವುದಿಲ್ಲ. ಬೊಬೆ ಅಕ್ಕ ಏನೋ ಹೇಳಲು ಬಾಯಿ ತೆರೆದು, ತೆಸಿಕ್‌ನ ಮುಖ ನೋಡಿ ಮುಚ್ಚಿದಳು. ಗುಕ್ ಬಾಗಿಲ ಹತ್ತಿರ ನಿಂತೇ, "ಏನು, ಹಾಳೇಲಿ ಮೀನು ಕಟ್ಕೊಂಡು ಹೋಗೋಣ ಅಂತ ಇದ್ರಾ?" ಎಂದ. ತೆಸಿಕ್ ಕೈ ಚಾಚಿ ಹಾಳೆ ತೆಗೆದುಕೊಂಡ. ಬೆಂಚಿನಲ್ಲಿ ಕೂತು ತೊಡೆಯ ಮೇಲೆ ಇಟ್ಟು, ಅಂಗೈಯಿಂದ ಒಂದೊಂದೇ ಮಡಿಕೆ ತೀಡಿ ಚಪ್ಪಟೆ ಮಾಡಿದ. ಇನ್ಸುಕ್‌ಳ ಶಾಲೆಯ ಪುಸ್ತಕದ ಕಿವಿಮಡಿಕೆಗಳನ್ನು ಅವನು ಹೀಗೆಯೇ ತೀಡುತ್ತಾನೆ. ಆಮೇಲೆ ಓದಿದ. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಇಳಿದ ಕಣ್ಣು ಒಂದು ಕಡೆ ನಿಂತಿತು, ಕೊರಳುಪಟ್ಟಿ ಎಂಬ ಮಾತು ಇರುವ ಕಡೆಯೇ ಇರಬೇಕು, ಮತ್ತೆ ಕೆಳಗಿಳಿಯಿತು. ಇನ್ನು ಮುಗಿಯಿತು ಎಂದು ಅವಳು ಅಂದುಕೊಂಡಳು. ಮನೆ ಎಂಬುದು ಇದೇ ಗಳಿಗೆಯಲ್ಲಿ, ಈ ಬೆಂಚಿನ ಮೇಲೆ, ಸದ್ದಿಲ್ಲದೆ ಮುಗಿಯಿತು. ಮಗಳಿಗೆ ಏನು ಹೇಳುವುದು ಎಂದು ಕೂಡ ಮನಸ್ಸು ಓಡಿತು. ಅವನು ತಲೆಯೆತ್ತಿ, "ಆಯ್ತು, ಚಿತ್ರ ತೋರ್ಸಿ," ಎಂದ.

ಕಷ್ಟದ ದೃಶ್ಯವಾದರೆ ಆ ತುಂಡು ಫಿಲ್ಮಿನ ತಲೆಗೆ ಬಾಲ ಅಂಟಿಸಿ ಬಳೆಯ ಹಾಗೆ ಮಾಡುತ್ತಾರೆ, ಅದು ಮುಗಿಯದೆ ಸುತ್ತುತ್ತಿರುತ್ತದೆ, ಮಾತು ಕೂಡುವವರೆಗೆ. ತೆರೆಯ ಮೇಲೆ ಛಾ ರಾನ್ ಬಾಗಿಲು ಸರಿಸಿ ಬಂದಳು. ರಜಾಯಿ ಎತ್ತಿದಳು. ಬಟ್ಟಲಿನ ಮುಚ್ಚಳ ತೆಗೆದಳು. ದಟ್ಟವಾದ ಹಬೆ ಎದ್ದು ಅವಳ ಚೆಲುವಾದ ಮುಖವನ್ನು ಅರ್ಧ ಮುಚ್ಚಿತು. ಗಂಡ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಅವಳ ತುಟಿ ಆಡಿತು: ನೀವು ಯಾಕೆ ನನ್ನನ್ನು ಏನೂ ಕೇಳಲಿಲ್ಲ? ಬೆನ್ನು ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆ ಬೆನ್ನಿನ ಮೇಲೆ ಗಂಡನ ಮಾತು ಬರಬೇಕು. ಆಮೇಲೆ ಅವಳ ಭುಜ ಅಲುಗಿ ಅಳು. ಮತ್ತೆ ಬಾಗಿಲು ಸರಿಸಿ ಬಂದಳು. ಮತ್ತೆ ರಜಾಯಿ ಎತ್ತಿದಳು. ಹಾಳೆಯಲ್ಲಿ ಗಂಡನ ಮಾತು ಹೀಗಿತ್ತು: 'ನೀನು ಬಾರದ ಪ್ರತಿ ರಾತ್ರಿಯೂ ಈ ಬಟ್ಟಲನ್ನು ನನ್ನ ಎದೆಯಂತೆ ಬೆಚ್ಚಗೆ ಇಟ್ಟೆ. ನಿನ್ನನ್ನು ಎಂದೋ ಕ್ಷಮಿಸಿದೆ.'

ಮೂರನೆಯ ಸುತ್ತಿನಲ್ಲಿ ತೆಸಿಕ್, "ನಿಲ್ಸಿ," ಎಂದ. ದೀಪ ಬಂತು. "ನಿರ್ದೇಶಕರೇ, ಇವಳು ಮನೆಗೆ ಬರೋದು ಎಷ್ಟು ಗಂಟೆಗೆ?"

"ನಾಲ್ಕರ ಸೈರನ್ ಆದ್ಮೇಲೆ. ಐದು ಅಂತಿಟ್ಕೊಳ್ಳಿ. ಯಾಕೆ?"

"ಅನ್ನ ಇಟ್ಟಿದ್ದು?"

"ರಾತ್ರಿ ಊಟದ ಹೊತ್ತಿಗೆ. ಏನ್ರೀ ಇದು, ಪೊಲೀಸ್ ಪಾತ್ರ ಇನ್ನೂ ಬಿಟ್ಟಿಲ್ವಾ?"

"ರಾತ್ರಿ ಏಳಕ್ಕೆ ಇಟ್ಟ ಅನ್ನ ಬೆಳಗ್ಗೆ ಐದಕ್ಕೆ ಹೀಗೆ ಹಬೆ ಆಡುತ್ತಾ?"

ಬೊಬೆ ಅಕ್ಕ ಅಂಗೈಯಿಂದ ತೊಡೆ ತಟ್ಟಿದಳು. "ಅದನ್ನೇ ನಾನೂ ಅಂದ್ಕೊಂಡೆ. ರಜಾಯಿ ಅಡಿ ಇಟ್ರೆ ಹೆಚ್ಚಂದ್ರೆ ಉಗುರುಬೆಚ್ಚಗೆ ಇರುತ್ತೆ. ಹತ್ತು ಗಂಟೆ ಹೊತ್ತು ಆದ್ಮೇಲೆ ಅದೂ ಇಲ್ಲ. ಹಬೆಯಂತೆ, ಹಬೆ. ಒಲೆ ಮುಟ್ಟದ ಗಂಡಸರು ಬರೆದ್ರೆ ಹೀಗೇ ಆಗೋದು. ಮಧ್ಯಾಹ್ನದ ಆಟಕ್ಕೆ ಬರೋ ಹೆಂಗಸರು ಗೊಳ್ ಅಂತ ನಗ್ತಾರೆ ನೋಡಿ."

"ಬರೆದವರು ಹಾಗೇ ಬರೆದಿದ್ರು," ಎಂದು ಗುಕ್ ತಡವರಿಸಿದ. "ಮುಚ್ಚಳ ತೆಗೆದರೆ ಮುಖಕ್ಕೆ ಹಬೆ ಅಂತ. ಈಗ ಮತ್ತೆ ಶೂಟಿಂಗ್ ಮಾಡೋಕಾಗುತ್ತಾ? ಸೆಟ್ಟು ಒಡೆದಾಗಿದೆ."

ಯೊಂಗ್‌ನಾನ್ ಮೈಕಿನ ಕಂಬ ಹಿಡಿದುಕೊಂಡಳು. ಸೊಲ್ ತಪ್ಪು ಬರೆದಿರಲಿಲ್ಲ. ಅವಳು ಹೇಳಿದ್ದನ್ನೇ ಬರೆದಿದ್ದ. ಮುಚ್ಚಳ ತೆಗೆದರೆ ಮುಖಕ್ಕೆ ಹಬೆ ಬಂದದ್ದು ನಿಜ, ಮೂರು ಸಲವೂ ಬಂದದ್ದು ನಿಜ, ನಾಲಿಗೆ ಸುಟ್ಟುಕೊಂಡದ್ದೂ ನೆನಪಿದೆ. ಹತ್ತೊಂಬತ್ತು ವರ್ಷದಿಂದ ಅನ್ನ ಬೇಯಿಸುತ್ತಿರುವ ಹೆಂಗಸು ಅದನ್ನು ಒಂದು ಸಲವೂ ಯೋಚಿಸಿರಲಿಲ್ಲ.

"ಶೂಟಿಂಗ್ ಬೇಡ," ಎಂದ ತೆಸಿಕ್. ಅವನ ಕಣ್ಣು ಹಾಳೆಯ ಮೇಲಿತ್ತು. "ಬೆನ್ನು ಕಾಣ್ತಿದೆ, ತುಟಿ ಕಾಣಲ್ಲ. ಏನು ಬೇಕಾದ್ರೂ ಹೇಳಬಹುದು. ಅನ್ನ ಆರಿತ್ತು, ಮತ್ತೆ ಮಾಡಿದೆ, ಅಂತಂದ್ರೆ ಹಬೆಗೆ ಸರಿಹೋಗುತ್ತೆ. ಸೈರನ್ ಕೂಗಿದ ಮೇಲೆ ಅಕ್ಕಿ ತೊಳೆದ್ರೆ, ಅವಳು ನಡ್ಕೊಂಡು ಬರೋ ಹೊತ್ತಿಗೆ ಆಗಿರುತ್ತೆ."

"ಯಾವ ಗಂಡಸು ರೀ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅನ್ನ ಮಾಡ್ತಾನೆ? ಅದೂ ಇನ್ನೊಬ್ಬನ ಹತ್ರ ಹೋಗಿ ಬರೋ ಹೆಂಡ್ತಿಗೆ?" ಎಂದ ಗುಕ್.

"ಎಲ್ಲೋ ಒಬ್ಬ ಇರ್ತಾನೆ."

"ಇದ್ರೆ ನಂಗೊಬ್ಬನ್ನ ಹುಡುಕಿಕೊಡು," ಎಂದಳು ಬೊಬೆ ಅಕ್ಕ, ಮತ್ತೆ ಯೊಂಗ್‌ನಾನ್‌ಳ ಕಡೆ ನೋಡಿದಳು, ನೋಡಿ ಕೆಟಲಿನ ಕಡೆ ತಿರುಗಿಕೊಂಡಳು.

ದೀಪ ಆರಿತು. ಬಳೆ ಸುತ್ತಲು ಶುರುವಾಯಿತು. ಛಾ ರಾನ್ ಬಾಗಿಲು ಸರಿಸಿದಳು, ರಜಾಯಿ ಎತ್ತಿದಳು, ಹಬೆ ಬಂತು. "ನೀವು ಯಾಕೆ ನನ್ನನ್ನ ಏನೂ ಕೇಳಲಿಲ್ಲ?" ಎಂದಳು ಯೊಂಗ್‌ನಾನ್. ಏಳು ವರ್ಷ ಕೇಳಬೇಕೆಂದಿದ್ದ ಪ್ರಶ್ನೆ, ಕೇಳಿದರೆ ಸಿಕ್ಕಿಬೀಳುತ್ತಿದ್ದ ಪ್ರಶ್ನೆ. ಕಿವಿಯ ಪಕ್ಕದಲ್ಲಿ ಅವನ ದನಿ ಬಂತು. ನಾಯಕನ ದನಿಯಲ್ಲ, ಮನೆಯಲ್ಲಿ ಉಪ್ಪು ಕೇಳುವ ದನಿ. "ಅನ್ನ ಆರಿತ್ತು. ಸೈರನ್ ಕೂಗಿದ ಮೇಲೆ ಮತ್ತೆ ಮಾಡಿದೆ." ತೆರೆಯ ಮೇಲಿನ ಭುಜ ಅಲುಗಿತು, ಅವಳಿಗೆ ಅಳು ಬರಲಿಲ್ಲ. "ಅಳು ಎಲ್ಲಿ?" ಎಂದ ಗುಕ್. ಬಳೆ ಮತ್ತೆ ಸುತ್ತಿತು. ಅನ್ನ ಆರಿತ್ತು. ಆರಿದ ಆ ಅನ್ನವನ್ನು ಏನು ಮಾಡಿದ? ಒಂದು ಮುಂಜಾನೆ ಅರೆನಿದ್ದೆಯಲ್ಲಿ ಕಂಡದ್ದು ಈಗ ಕಣ್ಣಿಗೆ ಕಟ್ಟಿತು: ಅಡುಗೆಮನೆಯ ತಗ್ಗಿನಲ್ಲಿ ಅವನು ಕುಕ್ಕುರುಗಾಲಲ್ಲಿ ಕೂತು ತಣ್ಣನೆಯ ಅನ್ನಕ್ಕೆ ನೀರು ಹಾಕಿ ಕಲಸಿ ತಿನ್ನುತ್ತಿದ್ದ, ಯಾಕೆ ಎಂದು ಕೇಳಿದ್ದಕ್ಕೆ ಹೊಟ್ಟೆ ಉರಿ, ತಣ್ಣಗಿದ್ದರೆ ಹಿತ ಎಂದಿದ್ದ. ಹೊಟ್ಟೆ ಉರಿ ಎಂದಿದ್ದನ್ನು ಅವಳು ಹೊಟ್ಟೆ ಉರಿ ಎಂದೇ ತಿಳಿದು ಎರಡು ದಿನ ಮೆಣಸು ಕಡಿಮೆ ಹಾಕಿದ್ದಳು. ಮತ್ತೆ ಸುತ್ತಿತು. ಸೈರನ್ ಕೂಗಿದ ಮೇಲೆ ಮತ್ತೆ ಮಾಡಿದೆ. ಆ ಸೈರನ್ನಿಗೆ ಊರಿನ ಆ ತುದಿಯಲ್ಲಿ ಅವಳು ಬೂಟು ಹಾಕಿಕೊಳ್ಳುವಾಗ ಈ ತುದಿಯಲ್ಲಿ ಅವನು ಅಕ್ಕಿ ತೊಳೆಯುತ್ತಿದ್ದ. ಅವಳು ಸುಳ್ಳನ್ನು ಹೊಂದಿಸಿಕೊಳ್ಳುತ್ತ ನಡೆದ ಒಂದು ಗಂಟೆಯಲ್ಲಿ ಅನ್ನ ಬೇಯುತ್ತಿತ್ತು. ಬಾಗಿಲ ಸದ್ದಿಗೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಎಲ್ಲ ಗೊತ್ತಿತ್ತು. ಮೊದಲ ಸಲವೇ ಗೊತ್ತಿತ್ತು. ತಾನು ನಕ್ಕಾಗಲೂ ಗೊತ್ತಿತ್ತು.

ಐದನೆಯ ಸುತ್ತಿಗೆ ಅಳು ಬಂತು. ಛಾ ರಾನ್‌ಳ ಭುಜಕ್ಕಿಂತ ಮುಂಚೆ ಶುರುವಾಗಿ ಅವಳ ಭುಜ ನಿಂತ ಮೇಲೂ ನಡೆಯಿತು, ಒಂದು ಲೆಕ್ಕಕ್ಕೂ ಕೂಡದ ಅಳು. ಪಶ್ಚಾತ್ತಾಪದ ಅಳು ಎಂದು ಹಾಳೆಯಲ್ಲಿ ಬರೆದಿತ್ತು. ಅವಳಿಗೆ ಆಗುತ್ತಿದ್ದುದು ಬೇರೆ. ಚಳಿಯಲ್ಲಿ ಬಹಳ ದೂರ ನಡೆದು ಬಂದವಳ ಕಾಲು ಬಿಸಿ ನೆಲ ತಾಗಿದಾಗ ಮೊದಲು ನೋಯುತ್ತದೆ, ಆಮೇಲೆ ಜುಮ್ಮೆನ್ನುತ್ತದೆ, ಹಾಗೆ. ಇಷ್ಟು ವರ್ಷ ತನ್ನನ್ನು ಯಾರೋ ಹೀಗೆ ನೋಡಿಕೊಂಡಿದ್ದರು ಎಂಬುದಕ್ಕೆ, ತಾನು ಅದಕ್ಕೆ ತಕ್ಕವಳಾಗಿರಲಿಲ್ಲ ಎಂಬುದೂ ಸೇರಿ, ಅವಳು ಅತ್ತಳು. ಗಾಜಿನ ಆಚೆಯಿಂದ ಮ್ಯೊಂಗ್, "ಇದನ್ನ ಇಟ್ಕೊಳ್ಳೋಣ," ಎಂದ. ಗುಕ್, "ತುಟಿಗೆ ಕೂತಿಲ್ಲ," ಎಂದ. ಮ್ಯೊಂಗ್, "ಕೂತಿಲ್ಲ. ಇಟ್ಕೊಳ್ಳೋಣ," ಎಂದ.

ಊಟಕ್ಕೆ ಒಂದು ಗಂಟೆ ಬಿಡುವು. ಬೊಬೆ ಅಕ್ಕ ತನಗೆ ಹಸಿವಿಲ್ಲ ಎಂದು ಒಲೆಯ ಮುಂದೆಯೇ ಉಳಿದಳು, ಹತ್ತು ವರ್ಷದಲ್ಲಿ ಅವಳಿಗೆ ಹಸಿವಿಲ್ಲದ ಮೊದಲ ಮಧ್ಯಾಹ್ನ. ಗಂಡ ಹೆಂಡತಿ ಓಣಿಯ ಮೂಲೆಯ ಎಲುಬಿನ ಸಾರಿನ ಅಂಗಡಿಗೆ ಹೋದರು. ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಎಲೆಕೋಸಿನ ರಾಶಿಗಳು ರಸ್ತೆಯ ಎರಡೂ ಬದಿ ಬಿದ್ದಿದ್ದವು. ತೆಸಿಕ್ ಯಾವಾಗಿನಂತೆ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ, ದಾಟುವ ಕಡೆ ಯಾವಾಗಿನಂತೆ ನಿಂತು ಅವಳು ಬರುವವರೆಗೆ ಕಾದ. ಬಟ್ಟಲುಗಳು ಬಂದವು. ಅವನು ತನ್ನ ಸಾರಿಗೆ ಉಪ್ಪು, ಈರುಳ್ಳಿ ಸೊಪ್ಪು ಹಾಕಿ, ಅವಳ ಬಟ್ಟಲಿಗೂ ಹಾಕಿದ.

"ಇನ್ಸುಕ್ ಅಪ್ಪಾ," ಎಂದಳು.

"ಸೊಲ್ ಒಳ್ಳೆ ಬರಹಗಾರ," ಎಂದ ತೆಸಿಕ್. "ಅನ್ನ ಮಾಡೋಕೆ ಬರಲ್ಲ, ಪಾಪ."

ಆ ಹೆಸರನ್ನು ಅವನ ಬಾಯಲ್ಲಿ ಕೇಳಿ ಅವಳು ಕಣ್ಣು ಮುಚ್ಚಿದಳು. "ಅವತ್ತಿಂದಾನೇ ಗೊತ್ತಿತ್ತಾ?"

"ನೀನು ಮೊದಲ ಸಲ ಬಂದಾಗ ಕಾಲುಚೀಲ ತಿರುವುಮುರುವಾಗಿ ಹಾಕ್ಕೊಂಡಿದ್ದೆ. ಯಾರು ಅಂತ ಗೊತ್ತಿರ್ಲಿಲ್ಲ. ಇವತ್ತು ಹಾಳೆ ನೋಡಿದ್ಮೇಲೆ ಗೊತ್ತಾಯ್ತು. ಕೊರಳುಪಟ್ಟಿ ವಿಷ್ಯ ಅವನಿಗೆ ಹೇಳಬಾರದಿತ್ತು ನೀನು." ಸಾರನ್ನು ಕಲಕಿದ. "ಅದೊಂದು ಸ್ವಲ್ಪ ನೋವಾಯ್ತು."

"ನಾನು ನಕ್ಕಿದ್ದೆ," ಎಂದಳು ಯೊಂಗ್‌ನಾನ್. "ಅವನ ಜೊತೆ ಸೇರ್ಕೊಂಡು. ಆ ಬಟ್ಟಲಿನ ವಿಷ್ಯಕ್ಕೆ."

ಅವನು ಚಮಚ ಕೆಳಗಿಟ್ಟ. ಪಕ್ಕದ ಮೇಜಿನಲ್ಲಿ ಇಬ್ಬರು ಮೂಲಂಗಿ ಕಿಮ್ಚಿ ಕಟಕಟ ಕಡಿಯುತ್ತಿದ್ದರು. ಅವನು ಎದ್ದುಹೋಗಬಹುದಿತ್ತು. ಅವಳು ಅದಕ್ಕೂ ಸಿದ್ಧಳಾಗಿ ಕೂತಿದ್ದಳು. ಆದರೂ ಹೇಳಿದ ಮೇಲೆ ಅವಳಿಗೆ ಹಗುರವಾಗಿತ್ತು. "ನಗು ಬರೋ ಹಾಗೇ ಇತ್ತು," ಎಂದ ತೆಸಿಕ್. "ನಾನೇ ಒಂದ್ಸಲ ಅಕ್ಕಿ ತೊಳೀತಾ ನಕ್ಕಿದೀನಿ."

"ಮೂ‌ರನೇ ಸಲ ಆದ್ಮೇಲೆ ನಾನು ಹೋಗಲಿಲ್ಲ."

"ಗೊತ್ತು."

"ನಾನಾಗೇ ಬಿಟ್ಟೆ ಅಂತ ಅಂದ್ಕೊಂಡಿದ್ದೆ." ಹೇಳುತ್ತಿರುವಾಗಲೇ ಅವಳಿಗೆ ಕಂಡಿತು: ಆ ದಿನ ಸೊಲ್‌ನ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿದ್ದು ಯಾವ ಗಟ್ಟಿ ಮನಸ್ಸೂ ಅಲ್ಲ. ಮತ್ತೆ ಆ ಬಟ್ಟಲಿನ ಮುಚ್ಚಳ ತೆಗೆಯಲು ಅವಳಿಗೆ ಧೈರ್ಯವಾಗಿರಲಿಲ್ಲ. ಏಳು ವರ್ಷ ಕಾಪಾಡಿಕೊಂಡು ಬಂದ ಆ ಒಂದು ಹೆಮ್ಮೆಯೂ ಅವಳದಾಗಿರಲಿಲ್ಲ. ಅದು ಹೋದದ್ದಕ್ಕೆ ದುಃಖವಾಗಲಿಲ್ಲ. ಎದುರಿಗೆ ಕೂತು ಸಾರು ಊದಿಕೊಳ್ಳುತ್ತಿರುವ, ಕಿವಿಯ ಮೇಲೆ ಕೂದಲು ನರೆತ ಈ ಮನುಷ್ಯನಿಗೆ ಅದನ್ನು ಕೊಟ್ಟುಬಿಟ್ಟರೆ ಸರಿಯಾದವರ ಕೈಗೆ ಸೇರಿದಂತೆ ಅನಿಸಿತು. ಉಪಕಾರ ಎನ್ನುವ ಮಾತನ್ನು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಆಡಿದವರಲ್ಲ. ಅವಳು ಆಡಿದಳು. ಯಾವ ತಾರೆಯ ಬಾಯಿಗೂ ಕೂಡದ ದನಿಯಲ್ಲಿ, ಬಾಗಿ, "ದೊಡ್ಡ ಉಪಕಾರ ಮಾಡಿದ್ರಿ," ಎಂದಳು.

ಅವನಿಗೆ ಮುಜುಗರವಾಯಿತು. ಅತ್ತಿತ್ತ ನೋಡಿದ. "ಸರಿಯಾಗಿ ಕೂತ್ಕೋ, ಜನ ನೋಡ್ತಾರೆ."

"ಆಗಲೇ ಕ್ಷಮಿಸಿಬಿಟ್ಟಿದ್ರಾ ನನ್ನ? ಆ ಹಾಳೇಲಿ ಇದ್ದ ಹಾಗೆ?"

"ಎಲ್ಲಿ," ಎಂದ ತೆಸಿಕ್. "ಅದು ಸೊಲ್ ಬರೆದಿದ್ದು. ಕ್ಷಮಿಸೋದು ಆಗ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೆ. ಅನ್ನ ಮಾಡೋದು ಆಗ್ತಿತ್ತು. ಅದನ್ನ ಮಾಡಿದೆ."

ಯೊಂಗ್‌ನಾನ್ ಚಮಚ ತೆಗೆದುಕೊಂಡಳು.